ಮಗಳು ಜಿಮ್ನಾಸ್ಟಿಕ್ಸ್ ಬಿಟ್ಟು ಪೋಲ್ ವಾಲ್ಟ್ ಅನ್ನುತ್ತಿದ್ದಾಳೆ. ಇಸಿನ್‌ಬಯೆವಾ ಕಥೆ ಗೊತ್ತಿರುವವರು ಹೇಳಿ

ಹನುಮಂತನಗರದ ಅಮ್ಮ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ 14 ವರ್ಷ. ಎಂಟನೇ ವಯಸ್ಸಿನಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಕಳೆದ ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದಳು. ಈಗ ಮೇಲಿನ ಬಾರ್ ಹಿಡಿದು ತೂಗಿದರೆ ಕಾಲು ಕೆಳಗಿನ ಬಾರ್‌ಗೆ ಬಡಿಯುತ್ತದೆ. ಎರಡೂ ಮೊಣಕಾಲಿನ ಕೆಳಗೆ ಒಂದೇ ಜಾಗದಲ್ಲಿ ನೀಲಿಗಟ್ಟಿದೆ. ರಾತ್ರಿ ಎಣ್ಣೆ ಹಚ್ಚುವಾಗ ಅದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಮೊನ್ನೆ ಕೋಚ್ ಕರೆದು, "ಮೇಡಂ, ಇವಳ ಎತ್ತರಕ್ಕೆ ಇನ್ನು ಇದು ಕಷ್ಟ. ಪೋಲ್ ವಾಲ್ಟ್‌ಗೆ ಹಾಕಿ ನೋಡಿ. ಇಸಿನ್‌ಬಯೆವಾ ಬಂದಿದ್ದೂ ಹೀಗೇ" ಅಂದರು. ಉದ್ದ ಗಳ ಊರಿ ಎತ್ತರದ ಬಾರ್ ದಾಟುವ ಆಟವಂತೆ ಅದು, ಇಸಿನ್‌ಬಯೆವಾ ಅದರಲ್ಲಿ ರಷ್ಯಾದ ಚಾಂಪಿಯನ್ ಅಂತೆ. ಅವತ್ತಿನಿಂದ ಮನೆಯಲ್ಲಿ ಅದೇ ಮಾತು. ಮಗಳು ಮೂರು ದಿನದಿಂದ ಊಟಕ್ಕೆ ಕೂತರೂ ಮೊಬೈಲ್‌ನಲ್ಲಿ ಅದೇ ವಿಡಿಯೊ. ನಮ್ಮ ಯಜಮಾನರು "ಅಷ್ಟು ಎತ್ತರದಿಂದ ತಲೆ ಕೆಳಗಾಗಿ ಬಿದ್ದರೆ ಏನು ಗತಿ" ಅಂತ ಕೇಳುತ್ತಿದ್ದಾರೆ. ನನಗೂ ಉತ್ತರ ಗೊತ್ತಿಲ್ಲ.

ಕೋಚ್ ಹೇಳಿದ ಆ ಕಥೆ ನಿಜವೇ? 14ಕ್ಕೆ ಶುರು ಮಾಡಿದರೆ ತಡ ಆಗುತ್ತದೆಯೇ? ಬೆಂಗಳೂರಿನಲ್ಲಿ ಇದ್ದುಕೊಂಡು ಇದನ್ನು ಕಲಿಯಬಹುದಾ? ಖರ್ಚು ಎಷ್ಟು, ಅಪಾಯ ಎಷ್ಟು?

---

ಅಂಕಿಸಂಖ್ಯೆ ಶ್ರೀರಾಮಪುರ (ಸೋಮವಾರ, ರಾತ್ರಿ 10:05)

ಕಥೆ ನೂರಕ್ಕೆ ನೂರು ನಿಜ ಮೇಡಂ. ಯೆಲೆನಾ ಇಸಿನ್‌ಬಯೆವಾ ಹುಟ್ಟಿದ್ದು 1982ರ ಜೂನ್ 3, ರಷ್ಯಾದ ವೋಲ್ಗೊಗ್ರಾಡ್‌ನಲ್ಲಿ. ಅಪ್ಪ ಪ್ಲಂಬರ್. ಐದನೇ ವಯಸ್ಸಿಗೆ ಜಿಮ್ನಾಸ್ಟಿಕ್ಸ್‌ಗೆ ಸೇರಿದರು, 15ರವರೆಗೂ ಅದನ್ನೇ ಮಾಡಿದರು. ಆಮೇಲೆ ಎತ್ತರ ಜಾಸ್ತಿ ಆಯಿತು ಅಂತ ಬಿಡಬೇಕಾಯಿತು. ಪೂರ್ತಿ ಬೆಳೆದಾಗ 1.74 ಮೀಟರ್. ಯೆವ್ಗೆನಿ ಟ್ರೊಫಿಮೊವ್ ಅನ್ನುವ ಕೋಚ್ ಕೈಗೆ ಪೋಲ್ ಕೊಟ್ಟರು. 1998ರಲ್ಲಿ, ಅಂದರೆ ಸುಮಾರು ಒಂದೇ ವರ್ಷದಲ್ಲಿ, ಮಾಸ್ಕೊದ ವಿಶ್ವ ಯುವ ಕ್ರೀಡಾಕೂಟದಲ್ಲಿ 4.00 ಮೀಟರ್ ಜಿಗಿದು ಚಿನ್ನ ಗೆದ್ದರು.

ಆಮೇಲಿನದ್ದು ಎಲ್ಲರಿಗೂ ಗೊತ್ತು. 2004 ಅಥೆನ್ಸ್, 2008 ಬೀಜಿಂಗ್ ಎರಡರಲ್ಲೂ ಒಲಿಂಪಿಕ್ ಚಿನ್ನ, 2012 ಲಂಡನ್‌ನಲ್ಲಿ ಕಂಚು. ಹೊರಾಂಗಣ ವಿಶ್ವ ಚಾಂಪಿಯನ್ ಮೂರು ಸಲ: 2005, 2007, 2013. 5 ಮೀಟರ್ ದಾಟಿದ ಮೊದಲ ಹೆಂಗಸು. 2009ರಲ್ಲಿ ಜ್ಯೂರಿಕ್‌ನಲ್ಲಿ ಜಿಗಿದ 5.06 ಇವತ್ತಿಗೂ ವಿಶ್ವದಾಖಲೆ.

ನಿಮ್ಮ ಮಗಳು ಒಂದು ವರ್ಷ ಮುಂಚೆಯೇ ಬರುತ್ತಿದ್ದಾಳೆ. ತಡ ಅನ್ನೋ ಮಾತೇ ಇಲ್ಲ.

---

ಮಾಗಡಿ ರೋಡ್ ಮಂಜ (ಸೋಮವಾರ, ರಾತ್ರಿ 10:11)

ಅಕ್ಕಾ, ಕಣ್ಣು ಮುಚ್ಚಿಕೊಂಡು ಸೇರಿಸಿ!

---

ಪಿಟಿ ಮೇಷ್ಟ್ರು, ತುಮಕೂರು ರಸ್ತೆ (ಸೋಮವಾರ, ರಾತ್ರಿ 10:30)

ಕಣ್ಣು ಮುಚ್ಚಿಕೊಂಡು ಯಾವ ಮಗುವನ್ನೂ ಎಲ್ಲಿಗೂ ಸೇರಿಸಬೇಡಿ. ಕಣ್ಣು ಬಿಟ್ಟುಕೊಂಡು ಹೋಗಿ ನೋಡಿ.

ಮೊದಲು ಮ್ಯಾಟ್ ನೋಡಿ. ಅಂಚು ಹರಿದಿದೆಯಾ, ಎರಡು ಮ್ಯಾಟ್ ನಡುವೆ ಸಂದು ಇದೆಯಾ, ಕೂತರೆ ನೆಲ ತಗಲುತ್ತದೆಯಾ. ಆಮೇಲೆ ಬಾಕ್ಸ್ ನೋಡಿ. ಪೋಲ್ ತುದಿ ಹೋಗಿ ಕೂರುವ ಗುಂಡಿ ಅದು. ಒಂದು ಮೀಟರ್ ಉದ್ದ, ಹಿಂದೆ 20 ಸೆಂಟಿಮೀಟರ್ ಆಳ. ದೊಡ್ಡ ಪೆಟ್ಟು ಬೀಳುವುದು ಬಾರ್ ಮೇಲಿಂದ ಬಿದ್ದಾಗ ಅಲ್ಲ. ಪೋಲ್ ನೆಟ್ಟಗೆ ನಿಲ್ಲದೆ ಹಿಂದಕ್ಕೆ ತಳ್ಳಿದಾಗ, ಮಗು ಬಂದು ಆ ಬಾಕ್ಸ್ ಮೇಲೆ ಅಥವಾ ಓಡಿ ಬರುವ ರನ್‌ವೇ ಮೇಲೆ ಬಿದ್ದಾಗ. ಬಾಕ್ಸ್ ಸುತ್ತ ಮೆತ್ತನೆ ಪಟ್ಟಿ ಹಾಕಿಲ್ಲ ಅಂದರೆ ಅಲ್ಲಿಂದ ವಾಪಸ್ ಬನ್ನಿ.

ಇನ್ನೊಂದು ವಿಷಯ. ಪ್ರತಿ ಪೋಲ್ ಮೇಲೂ ಅದು ಎಷ್ಟು ತೂಕದವರಿಗೆ ಅಂತ ಬರೆದಿರುತ್ತದೆ. ನಿಮ್ಮ ಮಗಳ ತೂಕಕ್ಕಿಂತ ಕಡಿಮೆ ತೂಕದ ಪೋಲ್ ಕೊಟ್ಟು "ಬೇಗ ಬಗ್ಗುತ್ತೆ, ಹಿಡಿ" ಅನ್ನುವ ಕೋಚ್ ಇದ್ದರೆ ಬೇಡವೇ ಬೇಡ. ಬಗ್ಗುತ್ತದೆ, ನಿಜ. ಮುರಿದರೂ ಮುರಿಯುತ್ತದೆ.

---

ಹಾಸನದ ಹಳೇ ಜಿಗಿತ (ಸೋಮವಾರ, ರಾತ್ರಿ 11:02)

ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಕಾಲದಲ್ಲಿ ಮ್ಯಾಟ್ ಎಲ್ಲಿತ್ತು? ನಾನು ಕಾಲೇಜಿನಲ್ಲಿ ಜಿಗಿದದ್ದು ಬಿದಿರು ಗಳದಲ್ಲಿ. ಹಿಡಿಯುವ ಜಾಗಕ್ಕೆ ಕರೆಂಟ್ ವೈರಿಗೆ ಸುತ್ತುವ ಕಪ್ಪು ಟೇಪು. ಬೀಳುವ ಗುಂಡಿಗೆ ಮರಳು, ಮೇಲೆ ಭತ್ತದ ಹುಲ್ಲು. ಕೂಟದ ದಿನ ಬೆಳಿಗ್ಗೆ ನಾವೇ ಎರಡು ಹೊರೆ ಹುಲ್ಲು ಹೊತ್ತು ತಂದು ಹರಡುತ್ತಿದ್ದೆವು. ಬಿದಿರು ಫೈಬರ್‌ನಷ್ಟು ಬಗ್ಗುವುದಿಲ್ಲ, ಬರೀ ತೋಳಿನ ಬಲ. ಬಿದ್ದಾಗ ಪಾದ ಮೊದಲು ಇಳಿಯಲೇಬೇಕು. ಫೈಬರ್ ಪೋಲ್ ಬಂದ ಮೇಲೆ, ದಪ್ಪ ಮ್ಯಾಟ್ ಬಂದ ಮೇಲೆ ತಾನೇ ಬೆನ್ನ ಮೇಲೆ ಬೀಳುವ ಧೈರ್ಯ ಬಂದದ್ದು.

ಆಗ ನಮ್ಮ ಕಾಲೇಜಿನ ಒಬ್ಬಳು ಹುಡುಗಿ ಬಂದು "ಸರ್, ನಾನೂ ಒಂದು ಸಲ ಹಾರಲಾ" ಅಂತ ಕೇಳಿದಳು. ಹೆಂಗಸರಿಗೆ ಈ ಸ್ಪರ್ಧೆ ಇಲ್ಲಮ್ಮ ಅಂತ ವಾಪಸ್ ಕಳಿಸಿದರು. ಅವಳ ಮುಖ ನನಗೆ ಈಗಲೂ ಕಣ್ಣ ಮುಂದೆ ಇದೆ.

---

ಅಂಕಿಸಂಖ್ಯೆ ಶ್ರೀರಾಮಪುರ (ಸೋಮವಾರ, ರಾತ್ರಿ 11:15)

ಹಾಸನದ ಅಣ್ಣ, ಅದು ಬರೀ ನಿಮ್ಮ ಕಾಲೇಜಿನ ಕಥೆ ಅಲ್ಲ, ಇಡೀ ಪ್ರಪಂಚದ್ದು. ಗಂಡಸರ ಪೋಲ್ ವಾಲ್ಟ್ 1896ರ ಮೊದಲ ಒಲಿಂಪಿಕ್ಸ್‌ನಿಂದಲೇ ಇದೆ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಅವಕಾಶ ಸಿಕ್ಕಿದ್ದು 2000ದ ಸಿಡ್ನಿಯಲ್ಲಿ. ಮೊದಲ ಚಿನ್ನ ಅಮೆರಿಕದ ಸ್ಟೇಸಿ ಡ್ರಾಗಿಲಾ, 4.60. ಆ ಕೂಟಕ್ಕೆ 18ರ ಇಸಿನ್‌ಬಯೆವಾ ಕೂಡ ಹೋಗಿದ್ದರು, ಫೈನಲ್‌ಗೇ ಬರಲಿಲ್ಲ. ನಾಲ್ಕು ವರ್ಷ ಆದ ಮೇಲೆ ಅದೇ ಒಲಿಂಪಿಕ್ಸ್‌ನಲ್ಲಿ ವಿಶ್ವದಾಖಲೆಯ ಚಿನ್ನ.

---

ಸರ್ಕಸ್ ಪ್ರೇಮಿ (ಮಂಗಳವಾರ, ಬೆಳಿಗ್ಗೆ 7:20)

ಇಸಿನ್‌ಬಯೆವಾಗಿಂತ ಮುಂಚೆ ಆಸ್ಟ್ರೇಲಿಯಾದ ಎಮ್ಮಾ ಜಾರ್ಜ್ ಇದ್ದರು, ಮರೆಯಬೇಡಿ. ಚಿಕ್ಕಂದಿನಲ್ಲಿ ಸರ್ಕಸ್‌ನಲ್ಲಿ ಬೆಳೆದವರು. 1995ರಿಂದ 1999ರವರೆಗೆ ವಿಶ್ವದಾಖಲೆಯನ್ನು ಒಬ್ಬರೇ ಏರಿಸುತ್ತಾ ಹೋದರು, 4.60ವರೆಗೆ. ಗಾಳಿಯಲ್ಲಿ ತಲೆ ಕೆಳಗಾದಾಗ ಆಕಾಶ ಯಾವುದು, ನೆಲ ಯಾವುದು ಅಂತ ಗೊತ್ತಿರಬೇಕು. ಅದು ಜಿಮ್ನಾಸ್ಟಿಕ್ಸ್ ಮಕ್ಕಳಿಗೆ ಮೈಯಲ್ಲೇ ಬಂದಿರುತ್ತದೆ. ಇಸಿನ್‌ಬಯೆವಾ ಜೊತೆ ಹಣಾಹಣಿ ಮಾಡಿದ ಸ್ವೆಟ್ಲಾನಾ ಫಿಯೊಫನೊವಾ ಕೂಡ ಜಿಮ್ನಾಸ್ಟ್ ಆಗಿದ್ದವರೇ.

---

ಕೋರಮಂಗಲ ಕಿರಣ (ಮಂಗಳವಾರ, ಬೆಳಿಗ್ಗೆ 9:05)

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಮಾತು ಹೇಳುತ್ತೇನೆ. ಇಸಿನ್‌ಬಯೆವಾ ಬೇಕಂತಲೇ ಒಂದೊಂದೇ ಸೆಂಟಿಮೀಟರ್ ಏರಿಸಿದ್ದು. ಪ್ರತಿ ದಾಖಲೆಗೂ ಬೋನಸ್ ದುಡ್ಡು. ಗಂಡಸರಲ್ಲಿ ಉಕ್ರೇನ್‌ನ ಸೆರ್ಗೆಯ್ ಬೂಬ್ಕಾ 35 ವಿಶ್ವದಾಖಲೆ ಮಾಡಿದ್ದೂ ಅದೇ ಲೆಕ್ಕದಲ್ಲಿ. ಈಕೆ ಒಂದೇ ಸಲ 5.10 ಜಿಗಿಯಬಹುದಿತ್ತು. ಜನರಿಗೆ ತನ್ನ ನಿಜವಾದ ಎತ್ತರ ತೋರಿಸಲೇ ಇಲ್ಲ.

---

ಅಂಕಿಸಂಖ್ಯೆ ಶ್ರೀರಾಮಪುರ (ಮಂಗಳವಾರ, ಬೆಳಿಗ್ಗೆ 9:40)

ಕಿರಣ್, ಪೂರ್ತಿ ಸರಿ ಇಲ್ಲ. 2005ರ ಜುಲೈ 22, ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್. ಅವತ್ತು ಮೊದಲು 4.96 ಜಿಗಿದು ದಾಖಲೆ ಮಾಡಿದರು. ಬರೀ ದುಡ್ಡು ಮುಖ್ಯ ಆಗಿದ್ದರೆ ಅಲ್ಲಿಗೆ ನಿಲ್ಲಿಸಿ, 4.97, 4.98 ಅಂತ ಬೇರೆ ಬೇರೆ ಊರಿಗೆ ಉಳಿಸಿಕೊಳ್ಳಬಹುದಿತ್ತು. ಅದೇ ಸಂಜೆ ಬಾರ್ ಅನ್ನು ಸೀದಾ 5.00ಕ್ಕೆ ಏರಿಸಲು ಹೇಳಿದರು. ದಾಟಿದರು.

2004ರ ಬೇಸಿಗೆ ನೋಡಿ. ಜೂನ್‌ನಲ್ಲಿ ಡ್ರಾಗಿಲಾ 4.83. ಅದೇ ತಿಂಗಳು ಇಸಿನ್‌ಬಯೆವಾ 4.87. ಜುಲೈ ಶುರುವಿನಲ್ಲಿ ಫಿಯೊಫನೊವಾ 4.88. ಮೂರು ವಾರಕ್ಕೆ ಇಸಿನ್‌ಬಯೆವಾ 4.89, ಮತ್ತೆ ಐದು ದಿನಕ್ಕೆ 4.90. ದಾಖಲೆಯನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ಒಂದು ಸೆಂಟಿಮೀಟರ್‌ಗೂ ಮೈಯೆಲ್ಲ ಹಿಂಡಬೇಕಿತ್ತು.

---

ಕೋರಮಂಗಲ ಕಿರಣ (ಮಂಗಳವಾರ, ಬೆಳಿಗ್ಗೆ 10:02)

ಲಂಡನ್ ವಿಷಯ ಒಪ್ಪಿದೆ. ಆದರೆ 2008ರಲ್ಲಿ 5.03, 5.04, 5.05 ಅಂತ ಬಂದದ್ದು?

---

ಜಯನಗರ 4ನೇ ಬ್ಲಾಕ್ ಜ್ಯೋತಿ (ಮಂಗಳವಾರ, ಬೆಳಿಗ್ಗೆ 11:30)

ಕಿರಣ್ ಅವರೇ, ನಾನು ರಾಜ್ಯ ಮಟ್ಟದಲ್ಲಿ ಆರು ವರ್ಷ ಪೋಲ್ ವಾಲ್ಟ್ ಮಾಡಿದವಳು. ಒಂದು ಸೆಂಟಿಮೀಟರ್ ಅಂದರೆ ಟೇಪಿನಲ್ಲಿ ನೋಡಿದಾಗ ಸುಮ್ನೆ ಒಂದು ಗೆರೆ. ಬಾರ್ ಕೆಳಗೆ ನಿಂತು ತಲೆ ಎತ್ತಿ ನೋಡಿದಾಗ ಅದು ಬೇರೆ. ನನ್ನ 3.20 ಆದ ಮೇಲೆ 3.25 ಜಿಗಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ಬೋನಸ್ ಸಿಕ್ಕರೆ ಸಿಗಲಿ ಬಿಡಿ. ಕ್ರಿಕೆಟಿಗರು ತಗೊಂಡರೆ ನಾವು ಲೆಕ್ಕ ಕೇಳುತ್ತೇವಾ?

ಮೂಲ ಪೋಸ್ಟ್ ಹಾಕಿದ ಅಮ್ಮನಿಗೆ ಒಂದು ವಿಷಯ. ನಿಮ್ಮ ಮಗಳಿಗೆ ವಿಶ್ವದಾಖಲೆ ವಿಡಿಯೊ ತೋರಿಸುವ ಮುಂಚೆ ಅಥೆನ್ಸ್ ಫೈನಲ್ ತೋರಿಸಿ. ಚಿನ್ನ ಕೈತಪ್ಪುವ ಹಂತಕ್ಕೆ ಹೋಗಿತ್ತು ಅವತ್ತು.

ನಿಯಮ ಹೀಗಿದೆ. ಸತತ ಮೂರು ಸಲ ಬಾರ್ ಬೀಳಿಸಿದರೆ ಆಟ ಮುಗಿಯಿತು. ಆದರೆ ಒಂದು ಎತ್ತರದಲ್ಲಿ ಒಮ್ಮೆ ತಪ್ಪಿ, ಉಳಿದ ಅವಕಾಶವನ್ನು ಮುಂದಿನ ಎತ್ತರಕ್ಕೆ ಒಯ್ಯಬಹುದು. ಇಸಿನ್‌ಬಯೆವಾ 4.70ರಲ್ಲಿ ಒಮ್ಮೆ ತಪ್ಪಿದರು. ಬಿಟ್ಟರು. 4.75ರಲ್ಲಿ ಒಮ್ಮೆ ತಪ್ಪಿದರು. ಅದನ್ನೂ ಬಿಟ್ಟರು. 4.80ಕ್ಕೆ ಬಂದಾಗ ಕೈಯಲ್ಲಿ ಉಳಿದದ್ದು ಒಂದೇ ಜಿಗಿತ. ಫಿಯೊಫನೊವಾ ಆಗಲೇ 4.75 ದಾಟಿ ಮುಂದಿದ್ದರು. ಇದೂ ಬಿದ್ದರೆ ಚಿನ್ನವೇ ಇಲ್ಲ. ರನ್‌ವೇ ತುದಿಯಲ್ಲಿ ನಿಂತು, ಪೋಲ್ ಎತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತಾ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ಯಾವಾಗಲೂ ಹಾಗೇ ಮಾಡುತ್ತಿದ್ದರು. ಓಡಿ ಬಂದು 4.80 ದಾಟಿದರು. ಆಮೇಲೆ 4.85. ಆಮೇಲೆ 4.91, ಹೊಸ ವಿಶ್ವದಾಖಲೆ.

ಎರಡು ಸಲ ಬಿದ್ದ ಮೇಲೆ ಸುಲಭದ ಎತ್ತರ ಬಿಟ್ಟು ಕಷ್ಟದ್ದನ್ನು ಕೇಳುವುದು ಎಷ್ಟು ಕಷ್ಟ ಅಂತ ಅಲ್ಲಿ ನಿಂತವರಿಗೇ ಗೊತ್ತು. ನಾನು ಅದನ್ನು ಒಂದು ಸಲವೂ ಮಾಡಲಿಲ್ಲ. ಯಾವಾಗಲೂ ಅದೇ ಎತ್ತರದಲ್ಲಿ ಮೂರೂ ಸಲ ಪ್ರಯತ್ನ ಮಾಡಿ ಹೊರಗೆ ಬಂದೆ.

---

ಮಾಗಡಿ ರೋಡ್ ಮಂಜ (ಮಂಗಳವಾರ, ಮಧ್ಯಾಹ್ನ 12:10)

ಜ್ಯೋತಿ ಅಕ್ಕ, ಓದಿ ಮೈ ಜುಂ ಅಂತು.

---

ಹನುಮಂತನಗರದ ಅಮ್ಮ (ಮಂಗಳವಾರ, ಮಧ್ಯಾಹ್ನ 1:25)

ಜ್ಯೋತಿ ಅವರೇ, ತುಂಬಾ ಥ್ಯಾಂಕ್ಸ್. ಊಟದ ಹೊತ್ತಿನಲ್ಲಿ ಆಫೀಸಿನಿಂದಲೇ ಬರೆಯುತ್ತಿದ್ದೇನೆ. ಜಿಗಿತದ ನಡುವೆ ಆಕೆ ಮೈಮೇಲೆ ಹೊದಿಕೆ ಹೊದ್ದು ಮಲಗಿರುತ್ತಾರಲ್ಲ, ಅದು ಯಾಕೆ ಅಂತ ಮಗಳು ಕೇಳುತ್ತಿದ್ದಾಳೆ. ನನಗೂ ನೋಡಿ ಆಶ್ಚರ್ಯ ಆಯಿತು. ಆಮೇಲೆ ಒಂದು ಪ್ರಶ್ನೆ, ನೀವು ಯಾಕೆ ಬಿಟ್ಟಿರಿ?

---

ಜಯನಗರ 4ನೇ ಬ್ಲಾಕ್ ಜ್ಯೋತಿ (ಮಂಗಳವಾರ, ಸಂಜೆ 6:50)

ಹೊದಿಕೆ ವಿಷಯ: ಪೋಲ್ ವಾಲ್ಟ್ ಸ್ಪರ್ಧೆ ಗಂಟೆಗಟ್ಟಲೆ ನಡೆಯುತ್ತದೆ. ಇಸಿನ್‌ಬಯೆವಾ ಥರದವರು ಕೆಳಗಿನ ಎತ್ತರಗಳನ್ನೆಲ್ಲ ಬಿಟ್ಟು ತಡವಾಗಿ ಶುರು ಮಾಡುತ್ತಾರೆ. ಬೀಜಿಂಗ್‌ನಲ್ಲಿ 4.70, 4.85 ಎರಡೇ ಜಿಗಿತಕ್ಕೆ ಚಿನ್ನ ಗೆದ್ದುಬಿಟ್ಟಿದ್ದರು, ಆಮೇಲೆ 4.95, ಕೊನೆಗೆ 5.05. ಅಲ್ಲಿಯವರೆಗೆ ಬೇರೆಯವರ ಜಿಗಿತ ನೋಡುತ್ತಾ ಕೂತರೆ ಮನಸ್ಸು ಕೆಡುತ್ತದೆ, ಮೈ ತಣ್ಣಗಾಗುತ್ತದೆ. ಮುಖ ಮುಚ್ಚಿ ಮಲಗಿದರೆ ಬಾರ್ ಎಷ್ಟಕ್ಕೆ ಹೋಯಿತು, ಯಾರು ಬಿದ್ದರು ಅಂತ ಕಾಣುವುದಿಲ್ಲ. ನಾನೂ ಒಂದು ಬೆಡ್‌ಶೀಟ್ ತಗೊಂಡು ಹೋಗುತ್ತಿದ್ದೆ.

ಯಾಕೆ ಬಿಟ್ಟೆ ಅಂದರೆ, ಪೋಲ್.

ನನ್ನದು 3.70 ಮೀಟರ್ ಉದ್ದದ ಫೈಬರ್ ಪೋಲ್. ಅಪ್ಪ ಸೊಸೈಟಿ ಸಾಲ ಮಾಡಿ ಹಳೆಯದನ್ನು ಕೊಂಡಿದ್ದರು. ಒಂದು ಕೂಟಕ್ಕೆ ರಾತ್ರಿ ಬಸ್ಸಿನಲ್ಲಿ ಹೊರಟೆವು. ಮೊದಲ ಬಸ್ಸಿನವರು ಹತ್ತಿಸಲೇ ಇಲ್ಲ. ಎರಡನೆಯವರು ಎರಡು ಟಿಕೆಟ್ ದುಡ್ಡು ತಗೊಂಡು ಟಾಪ್ ಮೇಲೆ ಕಟ್ಟಲು ಒಪ್ಪಿದರು. ಅಪ್ಪ ಹಳೇ ಕಂಬಳಿ ಸುತ್ತಿ, ಸೈಕಲ್ ಟ್ಯೂಬ್‌ನಿಂದ ಬಿಗಿದರು. ನಡುರಾತ್ರಿ ಯಾವುದೋ ಊರಿನಲ್ಲಿ ಅದರ ಮೇಲೆ ಮೂಟೆ ಎಸೆದಿದ್ದಾರೆ. ಬೆಳಿಗ್ಗೆ ಗ್ರೌಂಡಿನಲ್ಲಿ ಕಂಬಳಿ ಬಿಚ್ಚಿ ಉದ್ದಕ್ಕೂ ಉಗುರಿನಲ್ಲಿ ಸವರಿದೆ. ಮೇಲಿನಿಂದ ಎರಡು ಮೊಳದ ಹತ್ತಿರ ಉಗುರು ನಿಂತಿತು. ಕೂದಲೆಳೆಯಷ್ಟು ಸಣ್ಣ ಬಿಳಿ ಗೀರು. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅಂಥ ಪೋಲ್ ಬಗ್ಗಿಸಿದರೆ ಅಲ್ಲೇ ಸಿಡಿಯುತ್ತದೆ. ಅವತ್ತು ಬೇರೆ ಜಿಲ್ಲೆಯ ಹುಡುಗಿ ತನ್ನ ಪೋಲ್ ಕೊಟ್ಟಳು. ನನಗೆ ಅದು ಗಟ್ಟಿ ಆಯಿತು, ಬಗ್ಗಲೇ ಇಲ್ಲ. 2.80ಕ್ಕೆ ಹೊರಗೆ ಬಂದೆ.

ಇನ್ನೊಂದು ಪೋಲ್ ಕೊಡಿಸಿ ಅಂತ ಅಪ್ಪನ ಹತ್ತಿರ ಕೇಳಲು ನನಗೆ ಬಾಯಿ ಬರಲಿಲ್ಲ.

---

ಹಾಸನದ ಹಳೇ ಜಿಗಿತ (ಮಂಗಳವಾರ, ಸಂಜೆ 7:15)

ತಂಗೀ, ನಿಮ್ಮ ಅಪ್ಪ ದೊಡ್ಡ ಮನುಷ್ಯ.

---

ಸರ್ಕಸ್ ಪ್ರೇಮಿ (ಮಂಗಳವಾರ, ರಾತ್ರಿ 8:00)

ಇದು ಒಲಿಂಪಿಕ್ಸ್‌ನಲ್ಲೇ ಆಗಿದೆ ಮೇಡಂ. 2008ರ ಬೀಜಿಂಗ್ ಫೈನಲ್. ಬ್ರೆಜಿಲ್‌ನ ಫ್ಯಾಬಿಯಾನಾ ಮುರೇರ್ ತನ್ನ ಸರದಿಗೆ ಎದ್ದು ನೋಡಿದರೆ ಬೇಕಾದ ಪೋಲ್ ಇಲ್ಲ. ಮೈದಾನದ ತುಂಬ ಹುಡುಕಾಡಿದರು. ಸಿಗಲಿಲ್ಲ. ಬೇರೆ ಪೋಲ್‌ನಲ್ಲಿ ಜಿಗಿದು ಪದಕದ ಹತ್ತಿರಕ್ಕೂ ಬರಲಿಲ್ಲ. ಮೂರು ವರ್ಷ ಆದ ಮೇಲೆ 2011ರಲ್ಲಿ ಕೊರಿಯಾದ ಡೇಗುನಲ್ಲಿ 4.85 ಜಿಗಿದು ವಿಶ್ವ ಚಾಂಪಿಯನ್ ಆದರು.

---

ವಿಜಯನಗರ ರಿಟೈರ್ಡ್ (ಮಂಗಳವಾರ, ರಾತ್ರಿ 8:40)

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಹುಡುಗಿಗೆ 14, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ತಯಾರಿ. ರಷ್ಯಾದ ವ್ಯವಸ್ಥೆ ಬೇರೆ, ನಮ್ಮದು ಬೇರೆ. ಬಿದ್ದು ಕಾಲು ಮುರಿದರೆ ಪರೀಕ್ಷೆಯೂ ಹೋಯಿತು, ಆಟವೂ ಹೋಯಿತು. ಹತ್ತಾರು ಸಾವಿರ ಕೊಟ್ಟು ಪೋಲ್ ಕೊಂಡರೆ, ತೂಕ ಜಾಸ್ತಿ ಆದಾಗ, ಎತ್ತರ ಹಿಡಿದಾಗ ಇನ್ನೊಂದು ಬೇಕು. ಮಧ್ಯಮ ವರ್ಗದ ಮನೆಗೆ ಇದು ಆಗುತ್ತಾ?

---

ಮಾಗಡಿ ರೋಡ್ ಮಂಜ (ಮಂಗಳವಾರ, ರಾತ್ರಿ 8:44)

ಸರ್, ಪ್ಲಂಬರ್ ಮಗಳು ಸರ್ ಅವರು. ಮೇಲೆ ಬರೆದಿದ್ದಾರೆ ನೋಡಿ.

---

ಪಿಟಿ ಮೇಷ್ಟ್ರು, ತುಮಕೂರು ರಸ್ತೆ (ಮಂಗಳವಾರ, ರಾತ್ರಿ 9:10)

ಮಂಜ, ಹಿರಿಯರ ಮಾತಿನಲ್ಲಿ ಅರ್ಥ ಇದೆ. ಪ್ಲಂಬರ್ ಮಗಳಿಗೆ ಅಲ್ಲಿ ಪೋಲು, ಪಿಟ್ಟು, ಕೋಚು ಎಲ್ಲ ಕ್ರೀಡಾಶಾಲೆಯಲ್ಲೇ ಇತ್ತು. ಇಲ್ಲಿ ಹಾಗಿಲ್ಲ. ಆದರೆ ವಿಜಯನಗರದ ಸರ್‌ಗೆ ಒಂದು ಮಾತು: ಮೊದಲ ಎರಡು ವರ್ಷ ಸ್ವಂತ ಪೋಲ್ ಬೇಡವೇ ಬೇಡ. ಲಾಂಗ್ ಜಂಪ್‌ನ ಮರಳಿನ ಪಿಟ್ ಸಾಕು. ಬಗ್ಗದ ಗಿಡ್ಡ ಗಳ ಹಿಡಿದು ಮೂರು ಹೆಜ್ಜೆ, ಐದು ಹೆಜ್ಜೆ ಓಡಿ ಮರಳಿಗೆ ಹಾರುವುದು. ಹಗ್ಗ ಹತ್ತುವುದು. ಬಾರ್‌ಗೆ ನೇತಾಡಿ ಕಾಲನ್ನು ಕೈಯವರೆಗೆ ತರುವುದು. ಕೊನೆಯ ಎರಡನ್ನು ಈ ಹುಡುಗಿ ಆರು ವರ್ಷದಿಂದ ಮಾಡುತ್ತಿದ್ದಾಳೆ.

---

ಕೋರಮಂಗಲ ಕಿರಣ (ಮಂಗಳವಾರ, ರಾತ್ರಿ 9:55)

ತಡ ಅನ್ನುವವರಿಗೆ ಇನ್ನೊಂದು ಉದಾಹರಣೆ. ಅಮೆರಿಕದ ಜೆನ್ ಸೂರ್ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಪೋಲ್ ಹಿಡಿದದ್ದು 2004ರಲ್ಲಿ, ಆಗ 22 ವರ್ಷ. 2008ಕ್ಕೆ ಒಲಿಂಪಿಕ್ ಬೆಳ್ಳಿ, 2012ಕ್ಕೆ ಚಿನ್ನ. ಲಂಡನ್‌ನಲ್ಲಿ ಇಸಿನ್‌ಬಯೆವಾ ಅವರನ್ನು ಮೂರನೇ ಸ್ಥಾನಕ್ಕೆ ಇಳಿಸಿದ್ದು ಇವರೇ. ಚಿನ್ನ, ಬೆಳ್ಳಿ ಎರಡೂ 4.75ಕ್ಕೆ, ಕ್ಯೂಬಾದ ಯಾರಿಸ್ಲಿ ಸಿಲ್ವಾಗಿಂತ ತಪ್ಪು ಕಡಿಮೆ ಇದ್ದದ್ದರಿಂದ ಚಿನ್ನ ಸೂರ್‌ಗೆ. 2016ರಲ್ಲಿ ಒಳಾಂಗಣದಲ್ಲಿ 5.03 ಜಿಗಿದರು.

ಬೆಳಿಗ್ಗೆಯಿಂದ ಯೋಚನೆ ಮಾಡಿದೆ, ಅಂಕಿಸಂಖ್ಯೆ. ನನ್ನ ಸೆಂಟಿಮೀಟರ್ ಮಾತು ಸ್ವಲ್ಪ ಜಾಸ್ತಿ ಆಯಿತು.

---

ಕಬ್ಬನ್ ಪಾರ್ಕ್ ವಾಕರ್ (ಬುಧವಾರ, ಬೆಳಿಗ್ಗೆ 6:45)

ಬೆಂಗಳೂರಿನ ಮಾತು ಯಾರೂ ಆಡಲಿಲ್ಲವಲ್ಲ. 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಓಪನ್ ಅಥ್ಲೆಟಿಕ್ಸ್ ನಮ್ಮ ಕಂಠೀರವದಲ್ಲೇ ನಡೆಯಿತು. ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ 4.21 ಜಿಗಿದು ರಾಷ್ಟ್ರೀಯ ದಾಖಲೆ ಮಾಡಿದರು. ಕೆಲವೇ ದಿನ ಮುಂಚೆ ಗುಜರಾತ್‌ನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 4.20 ಮಾಡಿದ್ದರು. ಅದಕ್ಕೂ ಮುಂಚಿನ ದಾಖಲೆ ವಿ.ಎಸ್. ಸುರೇಖಾ ಅವರ 4.15, 2014ರದ್ದು.

ನನ್ನ ಸ್ನೇಹಿತನ ಮಗನ ಓಟ ನೋಡಲು ಹೋಗಿದ್ದೆ. ಟ್ರ್ಯಾಕ್ ಕಡೆಗೇ ಗಮನ. ದಾಖಲೆ ಆದದ್ದು ಮಾರನೇ ದಿನ ಪೇಪರ್ ಓದಿ ಗೊತ್ತಾಯಿತು. ಇವತ್ತಿಗೂ ಬೇಜಾರು.

---

ಅಂಕಿಸಂಖ್ಯೆ ಶ್ರೀರಾಮಪುರ (ಬುಧವಾರ, ಬೆಳಿಗ್ಗೆ 8:30)

ಈ ಲೆಕ್ಕ ನನ್ನನ್ನು ತುಂಬಾ ಕಾಡುತ್ತದೆ. ಇಸಿನ್‌ಬಯೆವಾ 2000ದಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದಾಗ ಜಿಗಿದದ್ದು 4.20. ಆಗ 18 ವರ್ಷ. ನಮ್ಮ ದೇಶದ ಹಿರಿಯರ ದಾಖಲೆ ಅಲ್ಲಿಗೆ ಬರಲು 2022 ಆಯಿತು. ರೋಸಿ, ಸುರೇಖಾ ಇವರ ಶ್ರಮ ಏನೇನೂ ಕಡಿಮೆ ಇಲ್ಲ. ಜ್ಯೋತಿ ಅವರ ಬಸ್ಸಿನ ಕಥೆ ಓದಿದರೆ ಯಾಕೆ ಹೀಗೆ ಅಂತ ಗೊತ್ತಾಗುತ್ತದೆ.

---

ಮಾಗಡಿ ರೋಡ್ ಮಂಜ (ಬುಧವಾರ, ಬೆಳಿಗ್ಗೆ 9:00)

2025ರ ಜುಲೈ 5ಕ್ಕೆ ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್‌ಗೆ ಹೋಗಿದ್ದೆ. ಏನು ಜನ! ಜಾವೆಲಿನ್‌ಗೆ ಅಷ್ಟು ಜನ ಬರುತ್ತಾರೆ ಅಂದರೆ ಪೋಲ್ ವಾಲ್ಟ್‌ಗೂ ಬರುತ್ತಾರೆ. ಗಂಡಸರ ಪೋಲ್ ವಾಲ್ಟ್ ವಿಶ್ವದಾಖಲೆ ಮಾಡಿದ ಡುಪ್ಲಾಂಟಿಸ್‌ನ ಒಂದು ಸಲ ಕರೆಸಬೇಕು.

---

ಸರ್ಕಸ್ ಪ್ರೇಮಿ (ಬುಧವಾರ, ಬೆಳಿಗ್ಗೆ 9:20)

ಡುಪ್ಲಾಂಟಿಸ್ ಬಿಡಿ ಮಂಜಣ್ಣ, ಹೆಂಗಸರ ವಿಷಯ ನಡೆಯುತ್ತಿದೆ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯಾದ ನಿನಾ ಕೆನಡಿ, ಅಮೆರಿಕದ ಕೇಟಿ ಮೂನ್ ಇಬ್ಬರೂ 4.90 ಜಿಗಿದು, 4.95ರಲ್ಲಿ ಬಿದ್ದು, ಚಿನ್ನ ಹಂಚಿಕೊಂಡದ್ದು ನೋಡಿದಿರಾ?

---

ವಿಜಯನಗರ ರಿಟೈರ್ಡ್ (ಬುಧವಾರ, ಬೆಳಿಗ್ಗೆ 9:45)

ಹಂಚಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಸ್ಪರ್ಧೆ ಅಂದ ಮೇಲೆ ಒಬ್ಬರು ಗೆಲ್ಲಬೇಕು.

---

ಜಯನಗರ 4ನೇ ಬ್ಲಾಕ್ ಜ್ಯೋತಿ (ಬುಧವಾರ, ಬೆಳಿಗ್ಗೆ 10:15)

ಸರ್, ಗಂಟೆಗಟ್ಟಲೆ ಓಡಿ ಜಿಗಿದು ಸುಸ್ತಾದ ಕಾಲಿನಲ್ಲಿ ಇನ್ನೂ ಜಿಗಿದರೆ ಪೆಟ್ಟಾಗುತ್ತದೆ. ನಿಯಮದಲ್ಲೇ ಹಂಚಿಕೊಳ್ಳಲು ಅವಕಾಶ ಇದೆ. ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಕೆನಡಿ 4.90ಕ್ಕೆ ಚಿನ್ನ, ಮೂನ್ 4.85ಕ್ಕೆ ಬೆಳ್ಳಿ. ತೀರ್ಮಾನ ಅಲ್ಲೇ ಆಯಿತಲ್ಲ.

ಅಮ್ಮನಿಗೆ ಇನ್ನೊಂದು ಹೇಳಬೇಕಿತ್ತು. 2009ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್. ಇಸಿನ್‌ಬಯೆವಾ 4.75ರಿಂದ ಶುರು ಮಾಡಿದರು. ಒಮ್ಮೆ ಬಿದ್ದರು. ಅಥೆನ್ಸ್‌ನಲ್ಲಿ ಮಾಡಿದ ಹಾಗೆ ಮೇಲಕ್ಕೆ, 4.80ಕ್ಕೆ ಹೋದರು. ಎರಡು ಸಲ ಬಿದ್ದರು. ಅಷ್ಟೇ. ಅವರ ಹೆಸರಿನ ಮುಂದೆ ಒಂದು ಎತ್ತರವೂ ಇಲ್ಲ. ಪೋಲೆಂಡ್‌ನ ಅನ್ನಾ ರೊಗೊವ್ಸ್ಕಾ 4.75ಕ್ಕೆ ಚಿನ್ನ ಗೆದ್ದರು. ಅಥೆನ್ಸ್‌ನಲ್ಲಿ ಗೆಲ್ಲಿಸಿದ ಅದೇ ಲೆಕ್ಕ ಬರ್ಲಿನ್‌ನಲ್ಲಿ ಸೋಲಿಸಿತು. ಎರಡು ವಾರ ಕೂಡ ಆಗಿರಲಿಲ್ಲ, ಜ್ಯೂರಿಕ್‌ನಲ್ಲಿ 5.06.

---

ಕೋರಮಂಗಲ ಕಿರಣ (ಬುಧವಾರ, ಬೆಳಿಗ್ಗೆ 11:00)

ಆದರೆ ಕೊನೆ ಸರಿಯಾಗಲಿಲ್ಲ. ಟ್ರೊಫಿಮೊವ್ ಬಿಟ್ಟು ಬೂಬ್ಕಾ ಅವರ ಕೋಚ್ ವಿಟಾಲಿ ಪೆಟ್ರೊವ್ ಹತ್ತಿರ ಇಟಲಿಗೆ ಹೋದರು, 2011ರಲ್ಲಿ ಮತ್ತೆ ಟ್ರೊಫಿಮೊವ್ ಹತ್ತಿರವೇ ಬಂದರು. 2013ರಲ್ಲಿ ತನ್ನದೇ ದೇಶದ ಮಾಸ್ಕೊದಲ್ಲಿ 4.89 ಜಿಗಿದು ವಿಶ್ವ ಚಾಂಪಿಯನ್. 2014ರಲ್ಲಿ ಮಗಳು ಹುಟ್ಟಿದಳು. ತಾಯಿಯಾದ ಮೇಲೆ, 34ನೇ ವಯಸ್ಸಿನಲ್ಲಿ, 2016ರ ರಷ್ಯಾ ಕೂಟದಲ್ಲಿ 4.90 ಜಿಗಿದರು. ಆದರೆ ಡೋಪಿಂಗ್ ಹಗರಣದಿಂದ ರಷ್ಯಾದ ಅಥ್ಲೆಟಿಕ್ಸ್ ತಂಡಕ್ಕೇ ನಿಷೇಧ. ರಿಯೊಗೆ ಜಿಗಿಯಲು ಬಿಡಲಿಲ್ಲ. ಅಲ್ಲೇ ನಿವೃತ್ತಿ ಹೇಳಿದರು. ಚಿನ್ನ ಗ್ರೀಸ್‌ನ ಎಕಟೆರಿನಿ ಸ್ಟೆಫನಿಡಿಗೆ ಹೋಯಿತು, 4.85ಕ್ಕೆ.

---

ಅಂಕಿಸಂಖ್ಯೆ ಶ್ರೀರಾಮಪುರ (ಬುಧವಾರ, ಬೆಳಿಗ್ಗೆ 11:20)

ನಿಷೇಧ ಸರಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಒಂದು ದೇಶದ ಪರೀಕ್ಷಾ ವ್ಯವಸ್ಥೆಯೇ ಕೆಟ್ಟಿದ್ದರೆ ಯಾರನ್ನು ನಂಬುವುದು? ಆದರೂ ಆ 4.90 ನೋಡಿದಾಗ ಸಂಕಟ ಆಗುತ್ತದೆ. ಸ್ಟೆಫನಿಡಿ, ಅಮೆರಿಕದ ಸ್ಯಾಂಡಿ ಮೋರಿಸ್ ಜೊತೆ ಒಂದೇ ಪಿಟ್‌ನಲ್ಲಿ ಆಕೆ ಇರಬೇಕಿತ್ತು. ಮೋರಿಸ್ ಅದೇ ವರ್ಷ ಬ್ರಸೆಲ್ಸ್‌ನಲ್ಲಿ 5.00 ಜಿಗಿದರು.

---

ಹನುಮಂತನಗರದ ಅಮ್ಮ (ಭಾನುವಾರ, ಮಧ್ಯಾಹ್ನ 12:40)

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಆರಕ್ಕೆ ಮೂವರೂ ಒಂದು ಗ್ರೌಂಡಿಗೆ ಹೋಗಿದ್ದೆವು. ಜ್ಯೋತಿ ಅವರು ಜೊತೆಗೆ ಬಂದಿದ್ದರು. ಅವರೇ ಹೇಳಿಕೊಟ್ಟಿದ್ದಕ್ಕೆ ನಾನು ಮೊದಲು ಮ್ಯಾಟ್ ಮೇಲೆ ಕೂತು ನೋಡಿದೆ, ನೆಲ ತಗಲಲಿಲ್ಲ. ಬಾಕ್ಸ್ ಸುತ್ತ ಪಟ್ಟಿ ಇತ್ತು, ಒಂದು ಕಡೆ ಮಾತ್ರ ಹೊಲಿಗೆ ಬಿಟ್ಟಿತ್ತು. ಕೋಚ್‌ಗೆ ತೋರಿಸಿದೆ. "ಇವತ್ತು ಇವಳನ್ನು ಇಲ್ಲಿಗೆ ಬಿಡುವುದೇ ಇಲ್ಲ ಮೇಡಂ" ಅಂತ ಮರಳಿನ ಪಿಟ್ ಕಡೆ ಕರೆದುಕೊಂಡು ಹೋದರು.

ಮೇಷ್ಟ್ರು ಬರೆದ ಹಾಗೇ ಗಿಡ್ಡ ಗಳ, ಮೂರು ಹೆಜ್ಜೆ. ಮೊದಲ ಸಲ ಕೈ ಮೇಲೆತ್ತುವುದು ತಡವಾಯಿತು, ಗಳ ಅಲ್ಲೇ ನಿಂತಿತು, ಅವಳು ಪಕ್ಕಕ್ಕೆ ಕುಸಿದಳು. ನಮ್ಮ ಯಜಮಾನರು ಒಂದು ಹೆಜ್ಜೆ ಮುಂದೆ ಹೋದರು. ನಾನು ತೋಳು ಹಿಡಿದೆ. ಐದನೇ ಸಲಕ್ಕೆ ಗಳದ ಜೊತೆಗೇ ಮೇಲಕ್ಕೆ ಹೋಗಿ, ಕಾಲು ಮುಂದೆ ತೂಗಿ, ಮರಳಿನ ಆ ತುದಿಯಲ್ಲಿ ಬಿದ್ದಳು. ಕೂದಲ ತುಂಬ ಮರಳು. ಎದ್ದವಳೇ ನಮ್ಮ ಕಡೆ ನೋಡಲೂ ಇಲ್ಲ, ಗಳ ಎತ್ತಿಕೊಂಡು ಸಾಲಿಗೆ ಹೋಗಿ ನಿಂತಳು.

ವಾಪಸ್ ಬರುವಾಗ ಗಾಡಿಯಲ್ಲಿ ಯಜಮಾನರು ಕೇಳಿದ್ದು ಒಂದೇ ಮಾತು: "ಮುಂದಿನ ಭಾನುವಾರವೂ ಆರಕ್ಕೇನಾ?"

ವಿಜಯನಗರದ ಸರ್, ಓದಿನ ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ವಾರಕ್ಕೆ ಮೂರೇ ದಿನ ಅಂತ ಮಾತಾಗಿದೆ.

---

ವಿಜಯನಗರ ರಿಟೈರ್ಡ್ (ಭಾನುವಾರ, ಮಧ್ಯಾಹ್ನ 1:15)

ಮೂರು ದಿನ ಸರಿ ಇದೆ ತಾಯಿ. ಗಣಿತಕ್ಕೆ ಸಹಾಯ ಬೇಕಾದರೆ ಹೇಳಿ, ನಾನು 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ.

---

ಜಯನಗರ 4ನೇ ಬ್ಲಾಕ್ ಜ್ಯೋತಿ (ಭಾನುವಾರ, ಮಧ್ಯಾಹ್ನ 1:40)

ಅವಳ ಅಂಗೈ ನೋಡಿದಿರಾ? ಜಿಮ್ನಾಸ್ಟಿಕ್ಸ್‌ನಿಂದ ಆಗಲೇ ಗಟ್ಟಿ ಆಗಿದೆ. ಅದಕ್ಕೇ ಗಳ ಜಾರಲಿಲ್ಲ. ಆ ಪಟ್ಟಿಗೆ ಹೊಲಿಗೆ ಹಾಕಿಸುವವರೆಗೆ ಪಿಟ್‌ಗೆ ಬಿಡಬೇಡಿ. ಮುಂದಿನ ವಾರ ನಾನು ಹಿಡಿತದ ಟೇಪ್ ತರುತ್ತೇನೆ, ನನ್ನ ಹಳೇ ಚೀಲದಲ್ಲಿ ಒಂದು ಸುರುಳಿ ಒಡೆಯದೆ ಉಳಿದಿದೆ.